ಅರ್ಧ ಉಜ್ಜಿದ ಬಾಗಿಲು

ನಮ್ಮ ಕಟ್ಟಡದ ಇಪ್ಪತ್ನಾಲ್ಕು ಮುಂಬಾಗಿಲುಗಳನ್ನು, ಆ ಮನೆಗಳಿಗೆ ಜನ ಬರುವುದಕ್ಕಿಂತ ಮೊದಲೇ, ಭಾಮಾ ಉಜ್ಜಿ ನುಣುಪು ಮಾಡಿದ್ದಳು. ಹನ್ನೊಂದು ವರ್ಷದ ಹಿಂದಿನ ಮಾತು. ಆಗ ಪುಣೆಯ ಕೊಂಢವಾ ಬಡಾವಣೆಯ ಈ ಏರಿನ ಮೇಲೆ ಲಿಫ್ಟಿನ ಜಾಗ ಇನ್ನೂ ಬಾಯ್ದೆರೆದ ಬಾವಿಯಂತಿತ್ತಂತೆ. ಬಾಗಿಲುಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಆರು ಮಹಡಿ ಹತ್ತಿಸಿದ್ದರಂತೆ. ಅವಳ ಗಂಡ ಮತ್ತು ಗಂಡನ ತಮ್ಮ ಮಾಂತು ಇಬ್ಬರೂ ವಾರ್ನಿಷ್ ಹಚ್ಚುವ ಮಿಸ್ತ್ರಿಗಳು. ಭಾಮಾ ಅವರ ಮುಂದೆ ಉಜ್ಜುತ್ತ ಹೋಗುವವಳು, ಹಿಂದೆ ಧೂಳು ಗುಡಿಸುತ್ತ ಬರುವವಳು.

ಬಣ್ಣದ ಕೆಲಸದವರಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆ ಇದೆ. ಉಜ್ಜುವುದು ಹೆಂಗಸರದು, ಬ್ರಶ್ ಹಿಡಿಯುವುದು ಗಂಡಸರದು. ಪಾಲೀಶ್ ಪೇಪರನ್ನು ಮಡಚಿ ಅಂಗೈಯಲ್ಲಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಮರದ ಎಳೆಯ ಗುಂಟ ತಿಕ್ಕಬೇಕು. ಹಳೆಯ ಹೊಳಪು ಪೂರ್ತಿ ಸಾಯಬೇಕು, ಇಲ್ಲದಿದ್ದರೆ ಮೇಲಿನ ಬಣ್ಣ ಹಿಡಿಯುವುದಿಲ್ಲ. ಹಚ್ಚುವವನಿಗೆ ಮಿಸ್ತ್ರಿ ಎನ್ನುತ್ತಾರೆ, ಉಜ್ಜುವವಳಿಗೆ ಹೆಸರಿಲ್ಲ. ಹದಿನೇಳು ವರ್ಷ ಉಜ್ಜಿ ಉಜ್ಜಿ ಭಾಮಾಳ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಯಂತ್ರಕ್ಕೆ ಅವಳ ಹೆಬ್ಬೆಟ್ಟು ತಿಳಿಯುತ್ತಿರಲಿಲ್ಲ.

"ಒಂಬತ್ತ ಸಲ ಒತ್ತಸ್ತಾರ್ರಿ ಅಕ್ಕಾರ," ಎಂದು ನಗುತ್ತ ಹೇಳಿದ್ದಳು. "ಆಮ್ಯಾಲ ನೀ ಭಾಮಾನ ಅಲ್ಲ ಅಂತ ಹೇಳಿ ಕಳಸ್ತಾರ. ಮಾಂತು ಬಂದು, ಹೌದ್ರಿ ಆಕಿ ನಮ್ಮಾಕಿನ ಅಂದ್ರ ಅಕ್ಕಿ ಕೊಡ್ತಾರ."

ಅವಳು ನನಗೆ ಸಿಕ್ಕಿದ್ದು ಮೊನ್ನೆಯ ಬೇಸಿಗೆಯಲ್ಲಿ. ನನ್ನ ಮಗಳಿಗೆ ಆಗ ಐದು ತಿಂಗಳು. ಎದುರು ಮನೆಯಲ್ಲಿ ಕಪಾಟುಗಳಿಗೆ ಬಣ್ಣ ನಡೆದಿತ್ತು. ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲ ಹತ್ತಿರ ಓಡಾಡುತ್ತಿದ್ದೆ. ತಲೆಯಿಂದ ಕಾಲಿನವರೆಗೆ ಬೂದಿಯಂತೆ ಧೂಳು ಮೆತ್ತಿಕೊಂಡ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ಕುಳಿತು ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಳು. ಮಗಳು ಬಿಕ್ಕಳಿಸಿದಳು. ಆ ಹೆಂಗಸು ತಲೆ ಎತ್ತದೆ, "ಯಾರೋ ನೆನಸಾಕತ್ತಾರ ನೋಡವಾ ನಿನ್ನ," ಎಂದಳು. ಪುಣೆಗೆ ಮದುವೆಯಾಗಿ ಬಂದು ನಾಲ್ಕು ವರ್ಷವಾಗಿದ್ದರೂ, ಮನೆಯ ಹೊಸ್ತಿಲಿನ ಆಚೆ ನಮ್ಮ ವಿಜಯಪುರದ ಕಡೆಯ ಮಾತು ಕಿವಿಗೆ ಬಿದ್ದದ್ದು ಅದೇ ಮೊದಲು. ಅವಳ ಊರು ಚಡಚಣದ ಹತ್ತಿರದ ಒಂದು ಹಳ್ಳಿ. ಅಂದಿನಿಂದ ಅವಳು ನನಗೆ ಭಾಮಕ್ಕ.

ಗಂಡ ಕಾಮಾಲೆಯಿಂದ ಸತ್ತು ಒಂಬತ್ತು ವರ್ಷ. ಅವಳು ಮಾಂತುವಿನ ಮನೆಯಲ್ಲೇ ಇದ್ದಳು. ಕೊಂಢವಾದಲ್ಲೇ, ಕಲ್ಲಿನ ಗಣಿಯ ಹಿಂದೆ ಎರಡು ತಗಡಿನ ಕೋಣೆ. ಅಲ್ಲಿ ಅವಳು ಉಣ್ಣುವುದು ಕೊನೆಗೆ, ಮಲಗುವುದು ಬಣ್ಣದ ಡಬ್ಬಿಗಳ ಪಕ್ಕ, ದುಡಿದದ್ದು ಮಾಂತುವಿನ ಕೈಗೆ. ಅದನ್ನು ಅವಳು ದೂರಿನಂತೆ ಹೇಳುತ್ತಿರಲಿಲ್ಲ, ಹವಾಮಾನದ ವರದಿಯಂತೆ ಹೇಳುತ್ತಿದ್ದಳು.

ಒಂದು ದಿನ ಮಾತ್ರ ದನಿ ತಗ್ಗಿಸಿ ಗುಟ್ಟು ಹೇಳಿದಳು. "ಅಕ್ಕಾರ, ಎದರ ಮನಿ ಕಪಾಟ ಅದಲ್ರಿ, ಸ್ಟೂಲ್ ಹಾಕ್ಕೊಂಡು ಅದರ ನೆತ್ತಿ ನೋಡ್ರಿ. ಅದು ನಂದು."

ಮಾಂತು ಊಟಕ್ಕೋ ತಂಬಾಕಿಗೋ ಹೋದಾಗಲೆಲ್ಲ ಅವಳು ಬ್ರಶ್ ಎತ್ತಿಕೊಳ್ಳುತ್ತಿದ್ದಳಂತೆ. ಬಾಗಿಲಿನ ಮೇಲಂಚು, ಕಪಾಟಿನ ಬೆನ್ನು, ಮಾಳಿಗೆಯ ಒಳಗೋಡೆ, ಯಾರ ಕಣ್ಣೂ ಹೋಗದ ಜಾಗಗಳಲ್ಲೇ ಅವಳು ಕಲಿತದ್ದು. "ಪುಣೇದಾಗ ಯಾರೂ ನೋಡಲಾರದ ಜಾಗಾ ಎಲ್ಲಾ ನಂದರಿ," ಎಂದಳು. ಎದುರು ಮನೆಯವರು ಊರಿಗೆ ಹೋಗುವಾಗ ಕೀಲಿ ನಮಗೆ ಕೊಡುತ್ತಾರೆ. ನಾನು ನಿಜಕ್ಕೂ ಸ್ಟೂಲ್ ಹತ್ತಿ ನೋಡಿದೆ. ಕಪಾಟಿನ ಮುಂಭಾಗದಲ್ಲಿ ಮಾಂತುವಿನ ಬ್ರಶ್ಶಿನ ಗೆರೆಗಳಿದ್ದವು. ನೆತ್ತಿಯ ಮೇಲೆ ಗೆರೆಯೇ ಇರಲಿಲ್ಲ. ಹಾಲಿನ ಮೇಲೆ ಕೆನೆ ಕಟ್ಟಿದಂತೆ ಬಣ್ಣ ಕುಳಿತಿತ್ತು.

ಆದ್ದರಿಂದ ಭಾದ್ರಪದದಲ್ಲಿ ಕಟ್ಟಡದ ಸಭೆಯಲ್ಲಿ ಬಾಗಿಲುಗಳ ಮಾತು ಬಂದಾಗ ಬಾಯಿ ಹಾಕಿದವಳು ನಾನೇ. ನಮ್ಮ ಸೆಕ್ರೆಟರಿ ಪ್ರಾಚಿತಾಯಿ, ಶಾಲೆಯ ನೌಕರಿಯಿಂದ ನಿವೃತ್ತರಾದವರು. ಅವರ ಮಾತೆಲ್ಲ ಮರಾಠಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಳೆಯ ಎರಚಲಿಗೆ ಎಲ್ಲರ ಬಾಗಿಲಿನ ವಾರ್ನಿಷ್ ಕಪ್ಪಾಗಿದೆ, ದೀಪಾವಳಿಯೊಳಗೆ ಎಲ್ಲಕ್ಕೂ ಒಂದೇ ಥರದ ಕಡುಹಸಿರು ಆಯಿಲ್ ಪೇಂಟ್ ಹಚ್ಚಿಸೋಣ, ಮಾಂತು ಆಗಲೇ ಬಂದು ಕೇಳಿಹೋಗಿದ್ದಾನೆ ಎಂದರು. ನಾನು ಭಾಮಾಳ ಹೆಸರು ಹೇಳಿದೆ.

"ಯಾರು? ಆ ಧೂಳಿನ ಹೆಂಗಸೇ?" ಎಂದರು ಪ್ರಾಚಿತಾಯಿ. ನಾಲ್ಕು ಜನ ನಕ್ಕರು. ಆಮೇಲೆ ತುಸು ಯೋಚಿಸಿ ಹೇಳಿದರು: "ಸರಿ. ನಿನಗಷ್ಟು ನಂಬಿಕೆ ಇದ್ದರೆ ನಿನ್ನ ಬಾಗಿಲೇ ಕೊಡು. ದಸರಾ ದಿನ ಪೂಜೆ ಆದ ಮೇಲೆ ಎಲ್ಲರೂ ಬಂದು ನೋಡುತ್ತೇವೆ. ಚೆನ್ನಾಗಿದ್ದರೆ ಉಳಿದ ಇಪ್ಪತ್ಮೂರೂ ಅವಳಿಗೆ. ಇಲ್ಲವಾದರೆ ಮಾಂತುಗೆ. ಆಮೇಲೆ ನನ್ನ ಹತ್ತಿರ ಅಳುತ್ತ ಬರಬಾರದು."

ಇದನ್ನು ನಾನೇ ಭಾಮಾಳಿಗೆ ತಿಳಿಸಿದೆ. ಕೈಯಲ್ಲಿದ್ದ ಪಾಲೀಶ್ ಪೇಪರನ್ನು ಮಡಚಿದಳು, ಬಿಚ್ಚಿದಳು. ನಂತರ, "ಇಪ್ಪತ್ಮೂರ ಬಾಗ್ಲಾ ಅಂದ್ರ ಬ್ಯಾರೆ ಖೋಲಿ ಹಿಡೀಬಹುದ್ರಿ," ಎಂದಳು. "ಮಾಂತುನ ಮನಿಂದ ಹೊರಗ ಬೀಳತೀನಿ. ಒಂದ ಸಲ ಮಿಸ್ತ್ರಿ ಅಂತ ಹೆಸರಾತಂದ್ರ ಮುಂದಿನ ಬಿಲ್ಡಿಂಗನವ್ರೂ ಕರೀತಾರ."

ಬಾಗಿಲು ಕೊಡುವುದೇನೋ ಕೊಟ್ಟೆವು, ದಿನ ಎಲ್ಲಿವೆ? ಪಿತೃಪಕ್ಷದಲ್ಲಿ ಹೊಸ ಕೆಲಸ ಹಿಡಿಯುವಂತಿಲ್ಲ ಎಂದು ನಮ್ಮ ಅತ್ತೆ ಕಲ್ಲವ್ವ ಮೊದಲೇ ಹೇಳಿದ್ದರು. ಅದು ಮುಗಿದ ಮರುದಿನವೇ ನವರಾತ್ರಿಯ ಘಟ ಕೂರಿಸಬೇಕು. ಪಾಡ್ಯದಿಂದಲೇ ಶುರುಮಾಡೋಣವೆಂದರೆ ಮಾಂತು ಮೂರು ದಿನ ಭಾಮಾಳನ್ನು ಬಿಡಲಿಲ್ಲ. ತನ್ನ ಕೆಲಸ ಅರ್ಧಕ್ಕೆ ಬಿಟ್ಟುಹೋದರೆ ಮತ್ತೆ ಮನೆಯ ಮೆಟ್ಟಿಲು ಹತ್ತಬೇಡ ಎಂದನಂತೆ. ಅವಳು ನಮ್ಮ ಮನೆಗೆ ಬಂದದ್ದು ಚೌತಿಯ ದಿನ, ಹೊಸ ಬ್ರಶ್ಶನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು.

ಬಾಗಿಲ ಮುಂದೆ ನಿಂತು ಅಂಗೈಯಿಂದ ಅದನ್ನು ಮೇಲಿನಿಂದ ಕೆಳಗೆ ಸವರಿದಳು. "ಬಿಜಾಗರಿ ಬಿಚ್ಚಿ ಕೆಳಗ ಪಾರ್ಕಿಂಗಿಗಿ ಒಯ್ತೀನ್ರಿ ಅಮ್ಮಾರ," ಎಂದು ಅತ್ತೆಗೆ ಹೇಳಿದಳು. "ಅಲ್ಲೇ ಎರಡೂವರಿ ದಿನಾ ಉಜ್ಜತೀನಿ. ಧೂಳ ಒಳಗ ಬರಂಗಿಲ್ಲ, ಕೂಸಿಗಿ ತ್ರಾಸ ಇಲ್ಲ."

ಅತ್ತೆ ದೇವರ ಕೋಣೆಯಿಂದಲೇ ಕೂಗಿದರು. "ಏನಂದಿ? ಕದಾ ಕೀಳತೀ? ಘಟಾ ಕುಂತದ, ನಂದಾದೀಪ ಉರೀಲಾಕತ್ತದ. ಈ ಒಂಬತ್ತ ದಿನಾ ಮನೀಗಿ ಕೀಲೀನ ಹಾಕಂಗಿಲ್ಲ ನಾವು, ನೀ ಕದಾನ ಹೊತ್ಕೊಂಡು ಹೋಗತೀಯೇನ? ಕದಾ ಇಲ್ಲದ ಮನ್ಯಾಗ ದೇವಿ ಹೆಂಗ ಕುಂದರಬೇಕು?"

"ಮತ್ತ ಇಲ್ಲೇ ನಿಂತ ಉಜ್ಜಿದ್ರ ಧೂಳ..."

"ಧೂಳ ಆಗಲಾರದಂಗ ಉಜ್ಜು. ಹದಿನೇಳ ವರ್ಷ ಏನ ಮಾಡೀದಿ?" ಅತ್ತೆ ಹೊರಗೆ ಬಂದು, ನನಗೆ ಹೇಳಿದಂತೆ, ಆದರೆ ಅವಳಿಗೂ ಕೇಳಿಸುವ ದನಿಯಲ್ಲಿ ಸೇರಿಸಿದರು: "ಗಂಡ ಸತ್ತಾಕಿ ಕೈಲೆ ಹಬ್ಬದಾಗ ತಲಬಾಗ್ಲಕ್ಕ ಬಣ್ಣಾ ಹಚ್ಚಸಲಾಕತ್ತೀವಿ. ಅದ ಸಾಕಾಗೇದ ನನಗ."

ಭಾಮಾ ಕೇಳಿಸಿಕೊಂಡಳು. ಬಾಗಿಲ ಬುಡದಲ್ಲಿ ಕುಳಿತು, ಕೆಳಗಿನಿಂದ ಉಜ್ಜಲು ತೊಡಗಿದಳು.

ಉಜ್ಜುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ಮೊದಲು ಒರಟು ಕಾಗದ, ಆಮೇಲೆ ನಡುವಿನದು, ಆಮೇಲೆ ಕೈಗೆ ಬಟ್ಟೆಯಂತೆ ಹತ್ತುವ ನುಣುಪಿನದು. ಒಂದು ಗೇಣು ಜಾಗ ಮುಗಿದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದಳು. ಎಲ್ಲಾದರೂ ಒಂದಿಷ್ಟು ಹೊಳಪು ಉಳಿದಿದ್ದರೆ ಅವಳ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು. ಪಂಚಮಿಯ ಸಂಜೆ ಕೀಲಿಯ ಎತ್ತರದವರೆಗೆ ಬಂದಳು. ಕೆಳಗಿನ ಅರ್ಧ ಬಾಗಿಲು ಹೊಸ ಸಾಗವಾನಿ ಹಲಗೆಯಂತೆ ತಿಳಿಯಾಗಿತ್ತು.

ಅದೇ ಸಂಜೆ ಮಗಳಿಗೆ ಉಬ್ಬಸ ಏರಿತು. ಒಳಕೋಣೆಯ ಕದದ ಸಂದಿಗೆ ಒದ್ದೆ ಚಾದರ ತುರುಕಿದ್ದೆ, ಕಿಟಕಿ ತೆರೆದಿದ್ದೆ, ಏನೂ ಉಪಯೋಗವಾಗಲಿಲ್ಲ. ಎದೆಗೂಡು ಒಳಗೆಳೆದುಕೊಂಡು ಉಸಿರಾಡುತ್ತಿದ್ದ ಅವಳನ್ನು ಎತ್ತಿಕೊಂಡು ದವಾಖಾನೆಗೆ ಓಡಿದೆವು. ಮೂಗಿಗೆ ಔಷಧದ ಹಬೆ ಹಿಡಿದರು. ಮರದ ಧೂಳು, ಹಳೆ ವಾರ್ನಿಷಿನ ಧೂಳು, ಎರಡೂ ಕೂಸಿನ ಹತ್ತಿರ ಸುಳಿಯಬಾರದು ಎಂದರು ಡಾಕ್ಟರು.

ಷಷ್ಠಿಯ ಬೆಳಿಗ್ಗೆ ಭಾಮಾ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ.

"ಸಾಕು ಭಾಮಕ್ಕ. ಇನ್ನ ಉಜ್ಜಬ್ಯಾಡ. ಬಣ್ಣಾ ಹಚ್ಚಿಬಿಡು."

ಅವಳು ಮೊದಲು ಮಗಳನ್ನು ವಿಚಾರಿಸಿದಳು. ಆಮೇಲೆ ತಲೆಬಾಗಿಲ ಮೇಲರ್ಧವನ್ನು ನೋಡಿದಳು. ಅದು ಇನ್ನೂ ಕಪ್ಪುಗಂದು ಬಣ್ಣಕ್ಕೆ ಮಿರುಗುತ್ತಿತ್ತು. "ಹಿಡಿಯಂಗಿಲ್ರಿ ಅಕ್ಕಾರ. ಗಾಜಿನ ಮ್ಯಾಲ ಹಚ್ಚಿದಂಗ ಆಗ್ತದ. ನೀರ ಹಚ್ಚಿ ಉಜ್ಜತೀನ್ರಿ, ಧೂಳ ಹಾರಂಗಿಲ್ಲ. ಆದ್ರ ಕಟಗಿ ಒಣಗಲಾಕ ಎರಡ ದಿನಾ ಬೇಕು. ಪ್ರಾಚಿತಾಯಿಗಿ ಎರಡ ದಿನಾ ಕೇಳ್ರಿ."

"ಅವ್ರು ಕೊಡಂಗಿಲ್ಲ," ಎಂದೆ. ನಾನು ಕೇಳಿರಲಿಲ್ಲ. ಕೇಳಲು ಹೋದರೆ ಅಲ್ಲೂ ನಾಲ್ಕು ಜನ ನಗುತ್ತಾರೆ ಅನ್ನಿಸಿತ್ತು. ನಿದ್ದೆ ಇರಲಿಲ್ಲ, ಒಳಗೆ ಮಗಳು ಮತ್ತೆ ಕೆಮ್ಮುತ್ತಿದ್ದಳು.

"ಹಂಗಾರ ನಾ ದಸರಾ ಆದಮ್ಯಾಲ..."

"ಭಾಮಕ್ಕ, ನಿನಗ ಈ ಕೆಲಸಾ ಬೇಕೋ ಬ್ಯಾಡೋ?"

ಆ ಮಾತು ಬಾಯಿಂದ ಬಿದ್ದ ಕೂಡಲೇ ಅವಳ ಮುಖ ಬದಲಾದದ್ದು ಕಂಡಿತು. ಸಿಟ್ಟಲ್ಲ, ಅಳುವೂ ಅಲ್ಲ. ದಿನಾ ಕೇಳಿ ರೂಢಿಯಾದ ದನಿಯೊಂದು ಬೇರೆ ಬಾಯಿಂದ ಬಂದಾಗ ಆಗುವ ಹಾಗೆ, ಮುಖ ಸುಮ್ಮನೆ ಮುಚ್ಚಿಕೊಂಡಿತು. "ಬೇಕ್ರಿ," ಎಂದಳು. ಮೇಲಿನ ಅರ್ಧವನ್ನು ಥಿನ್ನರ್ ಅದ್ದಿದ ಬಟ್ಟೆಯಿಂದ ಮೂರು ಸಲ ಒರೆಸಿ, ಮಧ್ಯಾಹ್ನವೇ ಪ್ರೈಮರ್ ಹಚ್ಚಿದಳು.

ಸಪ್ತಮಿಗೆ ಬಣ್ಣದ ಮೊದಲ ಕೈ, ಅಷ್ಟಮಿಗೆ ಎರಡನೆಯದು. ಹಚ್ಚುವಾಗ ಅವಳು ಉಸಿರು ಬಿಗಿ ಹಿಡಿಯುತ್ತಿದ್ದಳು. ಒಂದು ಉದ್ದನೆಯ ಎಳೆತ ಮುಗಿದ ಮೇಲೆಯೇ ಬಿಡುತ್ತಿದ್ದಳು. ನವಮಿಯ ದಿನ ಆಯುಧಗಳಿಗೆ ಪೂಜೆ, ಕೆಲಸವಿಲ್ಲ. ಆದರೂ ಬಂದಳು. ಮಾಂತುವಿನ ಮನೆಯಲ್ಲಿ ಎಲ್ಲ ಬ್ರಶ್ಶುಗಳನ್ನು ಸಾಲಾಗಿಟ್ಟು ಕುಂಕುಮ ಹಚ್ಚಿದ್ದರಂತೆ; ಇವಳದನ್ನು ಮಾಂತುವಿನ ಹೆಂಡತಿ ಎತ್ತಿ ಆಚೆ ಇಟ್ಟು, ನೀ ಬೇಕಾದ್ರ ಪಾಲೀಶ್ ಪೇಪರ್ ಇಡು ಎಂದಳಂತೆ. "ನಿಮ್ಮ ಘಟದ ಮುಂದ ಇಡಲೇನ್ರಿ ಅಮ್ಮಾರ?" ಎಂದು ಅತ್ತೆಯನ್ನು ಕೇಳಿದಳು.

"ಬಣ್ಣಾ ಹಚ್ಚೂ ಕುಂಚಾ ದೇವರ ಮುಂದ ಯಾಕ? ಹೊರಗ ಮಾಡ್ಕೋ."

ಚಪ್ಪಲಿ ಕಪಾಟಿನ ಮೇಲೆ ಕಾಗದ ಹಾಸಿ, ಬ್ರಶ್ ಇಟ್ಟು, ನಾನು ಕೊಟ್ಟ ಕುಂಕುಮ ಹಚ್ಚಿ ಕೈಮುಗಿದಳು. ಬಾಗಿಲು ಅವಳ ಹಿಂದೆ ಮುಚ್ಚಿತ್ತು. ಕಡುಹಸಿರು, ಒಂದು ಗೆರೆಯಿಲ್ಲ, ಮೇಲರ್ಧಕ್ಕೂ ಕೆಳಗರ್ಧಕ್ಕೂ ಕೂದಲೆಳೆಯಷ್ಟೂ ಭೇದವಿಲ್ಲ. ಅತ್ತೆ ಕೂಡ ನಿಂತು ನೋಡಿದರು. "ಬಣ್ಣಾ ಏನೋ ಛಲೋ ಹಚ್ಚೀದಿ ಬಿಡು," ಎಂದರು. ಭಾಮಾ ಆ ಒಂದು ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಮೆಟ್ಟಿಲಿಳಿದು ಹೋದಳು. ನನಗೂ ಧೈರ್ಯ ಬಂತು. ಹಿಡಿದಿದೆ, ಅವಳದು ಅತಿಯಾದ ಹೆದರಿಕೆ ಎಂದುಕೊಂಡೆ.

ದಸರೆಯ ಬೆಳಿಗ್ಗೆ ಅತ್ತೆ ಚೆಂಡುಹೂ ಮತ್ತು ಮಾವಿನೆಲೆಯ ತೋರಣ ಕಟ್ಟಿದರು. ಚೌಕಟ್ಟಿನ ಮೊಳೆಗಳನ್ನು ಭಾಮಾ ಬಣ್ಣಕ್ಕಾಗಿ ಕಿತ್ತಿದ್ದಳು. ಹೊಸ ಬಣ್ಣಕ್ಕೆ ಮೊಳೆ ಹೊಡೆಯಲು ಅತ್ತೆಗೆ ಮನಸ್ಸಾಗಲಿಲ್ಲ. ಅಗಲವಾದ ಅಂಟುಪಟ್ಟಿಯಿಂದ ಬಾಗಿಲಿನ ಮೇಲ್ಭಾಗಕ್ಕೇ ತೋರಣವನ್ನು ಅಂಟಿಸಿದರು. ಇನ್ನೂ ಒದ್ದೆಯಿದ್ದ ಹೂವು, ಭಾರ.

ಹನ್ನೊಂದಕ್ಕೆ ಎಲ್ಲರೂ ಬಂದರು. ಪ್ರಾಚಿತಾಯಿ ಕನ್ನಡಕ ಒರೆಸುತ್ತ ಮುಂದೆ. ಹಿಂದೆ ಕಮಿಟಿಯ ಆರೇಳು ಜನ. ಅವರ ನಡುವೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮಾಂತು. ಪ್ರಾಚಿತಾಯಿಯೇ ಅವನನ್ನು ಕರೆಸಿದ್ದರು, ಕೆಲಸ ತಿಳಿದವನೊಬ್ಬ ಇರಲಿ ಎಂದು. ಭಾಮಾ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಧೂಳಿಲ್ಲದ ಅವಳನ್ನು ನಾನು ನೋಡಿದ್ದು ಅದೊಂದೇ ದಿನ.

ಪ್ರಾಚಿತಾಯಿ ಬಾಗಿಲನ್ನು ಹತ್ತಿರದಿಂದ ನೋಡಿದರು, ಓರೆಯಾಗಿ ನೋಡಿದರು. "ಅರೆ ವಾ!" ಎಂದರು. "ಯಾರು ಹಚ್ಚಿದ್ದು ಅಂತ ಹೇಳದಿದ್ದರೆ..." ಇನ್ನೇನೋ ಹೇಳುವವರಿದ್ದರು. ಚೆನ್ನಾಗಿ ಕಾಣಲಿ ಎಂದು ನಾನು ಬಾಗಿಲನ್ನು ಪೂರ್ತಿ ತೆರೆದೆ. ಆ ಅಲುಗಾಟಕ್ಕೆ ತೋರಣದ ಒಂದು ತುದಿ ಕಳಚಿ ಜೋತುಬಿತ್ತು. ಅಂಟುಪಟ್ಟಿಯ ಜೊತೆಗೆ ಅಂಗೈ ಅಗಲದ ಹಸಿರು ಬಣ್ಣವೂ ಕೆಳಗೆ ಬಂತು. ಬಣ್ಣ ಹೋದ ಜಾಗದಲ್ಲಿ ಹಳೆಯ ವಾರ್ನಿಷ್ ನಗುವ ಹಲ್ಲಿನಂತೆ ಹೊಳೆಯುತ್ತಿತ್ತು.

ಮಾಂತು ಮುಂದೆ ಬಂದ. ಹರಿದ ಅಂಚಿಗೆ ಹೆಬ್ಬೆರಳ ಉಗುರು ಸಿಕ್ಕಿಸಿ ನಿಧಾನವಾಗಿ ಎಳೆದ. ಬಾಳೆಹಣ್ಣಿನ ಸಿಪ್ಪೆಯಂತೆ ಉದ್ದ ಪಟ್ಟಿ ಎದ್ದು ಬಂತು. ಅವನು ಅವಸರ ಮಾಡಲಿಲ್ಲ. ಎಲ್ಲರೂ ನೋಡಲಿ ಎಂಬಂತೆ ಕೀಲಿಯವರೆಗೆ ಎಳೆಯುತ್ತ ಬಂದ. ಕೀಲಿಯ ಹತ್ತಿರ ಪಟ್ಟಿ ತುಂಡಾಯಿತು. ಅದರ ಕೆಳಗೆ ಉಗುರು ಎಷ್ಟು ಕೆರೆದರೂ ಬಣ್ಣ ಏಳಲಿಲ್ಲ. ಅದನ್ನು ಅವನೂ ನೋಡಿದ. ಏನಾಗಿದೆ ಎಂದು ಅವನಿಗೆ ತಿಳಿದುಹೋಯಿತು, ಮುಖದಲ್ಲಿ ಕಾಣುತ್ತಿತ್ತು.

ಆ ಹಸಿರು ಪಟ್ಟಿಯನ್ನು ಎರಡು ಕೈಯಿಂದ ಹಿಡಿದು ಭಾಮಾಳ ಮುಂದೆ ಬಾಗಿದ, ದಸರೆಯಲ್ಲಿ ಅತ್ತಿಗೆಗೆ ಬನ್ನಿಯ ಎಲೆ ಕೊಡುವಂತೆ.

"ಬಂಗಾರ ತಗೋ ವೈನಿ. ಬಂಗಾರದಂಗ ಇರು."

ಕಮಿಟಿಯವರಿಗೆ ಅವನ ಕನ್ನಡ ತಿಳಿಯದಿದ್ದರೂ ಅದರ ಅರ್ಥ ತಿಳಿಯಿತು. ಮರಾಠಿಯಲ್ಲೂ ದಸರೆಯ ದಿನ ಅದೇ ಮಾತು. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ. ಯಾರೇ ಕೊಟ್ಟರೂ ಬನ್ನಿಯನ್ನು ಬೇಡ ಎನ್ನುವ ರೂಢಿ ಇಲ್ಲ. ಭಾಮಾಳ ಕೈ ಅದರಷ್ಟಕ್ಕೆ ಅದು ಮುಂದೆ ಬಂದು ಆ ಪಟ್ಟಿಯನ್ನು ಇಸಿದುಕೊಂಡಿತು.

"ಹದಿನೇಳ ವರ್ಷ ಉಜ್ಜಾಕಿ, ತನ್ನ ಬಾಗ್ಲಾ ಬಂದಾಗ ಉಜ್ಜೂದ ಮರತಾಳ," ಎಂದು ಮಾಂತು ಮರಾಠಿಯಲ್ಲಿ ಎಲ್ಲರಿಗೂ ವಿವರಿಸಿದ. "ಬ್ರಶ್ ಸಿಕ್ಕತು ನೋಡ್ರಿ, ಕಣ್ಣ ನೆತ್ತಿಗಿ ಹೋದವು."

ಭಾಮಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬೇಗ ಬಾಯಿ ತೆರೆಯುತ್ತಿದ್ದೆನೇನೋ. ಅತ್ತೆ, "ನಮಗೇನ ಗೊತ್ತ್ರಿ, ಆಕಿ ಕೆಲಸಾ ಆಕೀಗಿ ಗೊತ್ತಿರಬೇಕು," ಎನ್ನುತ್ತಿದ್ದರು. ಆಗ ನಾನು ಹೇಳಿದೆ. ಬಾಗಿಲು ಕೀಳಬೇಡ ಎಂದದ್ದು ನಮ್ಮ ಮನೆಯವರು, ಉಜ್ಜುವುದು ನಿಲ್ಲಿಸು ಎಂದದ್ದು ನಾನು, ಹಿಡಿಯುವುದಿಲ್ಲವೆಂದು ಅವಳು ಮೊದಲೇ ಹೇಳಿದ್ದಳು, ಕೆಳಗಿನ ಅರ್ಧ ನೋಡಿ, ಅಲ್ಲಿ ಉಜ್ಜಿದ್ದಾಳೆ, ಅಲ್ಲಿ ಬಣ್ಣ ಕಲ್ಲಿನಂತೆ ಕೂತಿದೆ. ಒಂದೇ ಉಸಿರಿನಲ್ಲಿ ಹೇಳಿದೆ. ಇನ್ನು ಸರಿಯಾಗುತ್ತದೆ ಎಂದುಕೊಂಡೆ.

ಪ್ರಾಚಿತಾಯಿ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಭಾಮಾಳನ್ನು ಕೇಳಿದರು: "ಇವಳು ಹೇಳೋದು ನಿಜವೇ?"

"ಹೌದು, ತಾಯಿ."

"ಹಿಡಿಯೋದಿಲ್ಲ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಹಚ್ಚಿದೆ."

ಭಾಮಾ ಕೈಯಲ್ಲಿದ್ದ ಹಸಿರು ಪಟ್ಟಿಯನ್ನು ಮಡಚಿದಳು.

"ಮರೆತಿದ್ದರೆ ಇನ್ನೊಂದು ಬಾಗಿಲು ಕೊಟ್ಟು ನೋಡುತ್ತಿದ್ದೆ," ಎಂದರು ಪ್ರಾಚಿತಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ಪಾಠ ಹೇಳುವ ದನಿ. "ನಾಳೆ ಇಪ್ಪತ್ಮೂರು ಮನೆಯಲ್ಲಿ ಇಪ್ಪತ್ಮೂರು ಹೆಂಗಸರು ಇಪ್ಪತ್ಮೂರು ಮಾತು ಹೇಳುತ್ತಾರೆ. ಒಬ್ಬಳಿಗೆ ಬೇಡ ಅನ್ನೋಕೆ ಬಾರದವಳು ಅಷ್ಟು ಜನಕ್ಕೆ ಹೇಗೆ ಅನ್ನುತ್ತಾಳೆ? ಮಾಂತು ನನಗೇ ಬೇಡ ಅನ್ನುತ್ತಾನೆ. ಜಗಳ ಆಡುತ್ತಾನೆ. ಬಣ್ಣ ನಿಲ್ಲುತ್ತದೆ." ಕನ್ನಡಕ ಮತ್ತೆ ಏರಿಸಿಕೊಂಡು ಮಾಂತುವಿನ ಕಡೆ ತಿರುಗಿದರು. "ಸೋಮವಾರದಿಂದ ಶುರು ಮಾಡು."

ಅಷ್ಟೇ. ಎಲ್ಲರೂ ಕೆಳಗೆ ಪೇಢೆ ತಿನ್ನಲು ಹೋದರು. ಭಾಮಾ ಹರಡಿದ ಹೂವುಗಳನ್ನು ಆಯ್ದು, ನೆಲದ ಮೇಲಿನ ಹಸಿರು ಚೂರುಗಳನ್ನು ಗುಡಿಸಿ, ಮಾಂತುವಿನ ಹಿಂದೆ ಹೋದಳು. ಬೇರೆಲ್ಲಿಗೆ ಹೋಗಬೇಕಿತ್ತು?

ಮರುದಿನ ಲಿಫ್ಟಿನಲ್ಲಿ ಪ್ರಾಚಿತಾಯಿಯ ದುಂಡು ಅಕ್ಷರದ ಸೂಚನೆ ಅಂಟಿತ್ತು. ಈ ಊರಿನವರಿಗೆ ಇಂಥ ಫಲಕ ಬರೆಯುವುದೊಂದು ಚಟ. "ಎರಡನೇ ಮಹಡಿಯ ಹಸಿರು ಬಾಗಿಲನ್ನು ಬಡಿಯಬಾರದು. ಬಡಿದರೆ ಮನೆಯವರಿಗಿಂತ ಮೊದಲು ಬಣ್ಣ ಹೊರಗೆ ಬರುತ್ತದೆ. ಬೆಲ್ ಒತ್ತಿರಿ." ನನ್ನ ಗಂಡ ಅಮರ ಅದನ್ನು ಓದಿ ನಗು ತಡೆಯಲಾರದೆ, ಒಳಗೆ ಬಂದು ನನ್ನ ಮುಖ ನೋಡಿ ಗಂಭೀರನಾದ. "ಹೋಗ್ಲಿ ಬಿಡು, ರೇಣು. ಕೂಸು ಆರಾಮದಾಳಲ್ಲ," ಎಂದ. ಹೌದು, ಮಗಳ ಉಸಿರು ತಿಳಿಯಾಗಿತ್ತು. ಅದನ್ನು ದಿನಚರಿಯಲ್ಲಿ ಬರೆದೆ. ಬರೆಯಲು ಬೇರೆಯದೂ ಇತ್ತು. ಆ ದಿನ ಬರೆಯಲಿಲ್ಲ.

ಸೋಮವಾರ ಮಾಂತು ಮೊದಲು ನಮ್ಮ ಬಾಗಿಲನ್ನೇ ಬಿಚ್ಚಿದ. ಹಬ್ಬ ಮುಗಿದು ಘಟ ಎದ್ದಿತ್ತು, ಅತ್ತೆ ತಡೆಯಲಿಲ್ಲ. ಬಾಗಿಲಿದ್ದ ಜಾಗಕ್ಕೆ ಚಾದರ ಕಟ್ಟಿದೆವು. ಮಧ್ಯಾಹ್ನ ಮಗಳು ಮಲಗಿದ ಮೇಲೆ ಚಹಾ ತೆಗೆದುಕೊಂಡು ಪಾರ್ಕಿಂಗಿಗೆ ಇಳಿದೆ. ಎರಡು ಕಲ್ಲುಗಳ ಮೇಲೆ ಬಾಗಿಲನ್ನು ಅಡ್ಡ ಮಲಗಿಸಿ, ಭಾಮಾ ಬಣ್ಣ ಕೆರೆಯುವ ಕಬ್ಬಿಣದ ಪಟ್ಟಿ ಹಿಡಿದು ಕುಳಿತಿದ್ದಳು. ತಲೆಯ ಮೇಲೆ ಮತ್ತೆ ಅದೇ ಧೂಳು, ಈ ಸಲ ಹಸಿರು.

ಮೇಲಿನ ಅರ್ಧ ಆಗಲೇ ಬರಿದಾಗಿತ್ತು. ಅದಕ್ಕೆ ಒಂದು ತಾಸೂ ಹಿಡಿದಿರಲಿಲ್ಲ. ಕೆಳಗಿನ ಅರ್ಧದಲ್ಲಿ ಬೆಳಗಿನಿಂದ ಕೆರೆದರೂ ಎರಡು ಗೇಣು ಎದ್ದಿತ್ತು, ಅಷ್ಟೇ.

"ಕೆಳಗಿಂದು ಯಾಕ ಕೀಳತೀ ಭಾಮಕ್ಕ? ಅದು ಛಲೋ ಅದಲ್ಲ?"

"ಎರಡ ಥರಾ ಕಾಣತದಂತ್ರಿ. ಎಲ್ಲಾ ಕಿತ್ತು ಹೊಸದ ಹಚ್ಚತೀನಿ ಅಂದಾನ ಮಾಂತು." ಅವಳು ಚಹಾ ತೆಗೆದುಕೊಂಡಳು, ನನ್ನನ್ನು ನೋಡದೆ.

"ನನ್ನ ತಪ್ಪಾತು. ಅದಕ್ಕ ಅವತ್ತ ಎಲ್ಲಾರ ಮುಂದ ಹೇಳಿದೆ."

"ಹೇಳಬಾರದಿತ್ರಿ ಅಕ್ಕಾರ." ಇದನ್ನೂ ಅವಳು ದೂರಿನಂತೆ ಹೇಳಲಿಲ್ಲ. "ಉಜ್ಜೂದ ಮರತಾಳ ಅಂದಿದ್ರ, ಮುಂದಿನ ಸಲ ನೆನಪಿಡತಾಳ ಅಂತಿದ್ರು. ಈಗ ಕೆಲಸಾ ಬರತದ, ಬಾಯಿ ಇಲ್ಲ ಅಂತ ಗೊತ್ತಾತು. ಬಾಯಿ ಎಲ್ಲಿಂದ ತರಲ್ರಿ?"

ಅವಳು ಕುಡಿದಿಟ್ಟ ಖಾಲಿ ಕಪ್ಪು ಹಿಡಿದುಕೊಂಡು ನಿಂತೆ. ಆಗ ಅವಳು, ತಡೆಯಲಾರದವಳಂತೆ, ಕಬ್ಬಿಣದ ಪಟ್ಟಿಯ ಚೂಪು ತುದಿಯನ್ನು ಹಸಿರಿನ ಮೇಲೆ ಊರಿ ಮೈಭಾರ ಹಾಕಿ ತಳ್ಳಿ ತೋರಿಸಿದಳು. ಬಣ್ಣದಲ್ಲಿ ಕೂದಲೆಳೆಯಷ್ಟು ಗೀರು ಬಿತ್ತು, ಅದರಾಚೆ ಏನೂ ಆಗಲಿಲ್ಲ.

"ನೋಡ್ರಿ, ಹೆಂಗ ಹಿಡದದ."

"ವೈನಿ, ಮಾತ ಸಾಕು!" ಮಾಂತು ಗೇಟಿನ ಹತ್ತಿರದಿಂದ ಕೂಗಿದ. "ಲಗೂ ಕೀಳು. ಇನ್ನಾ ಇಪ್ಪತ್ಮೂರ ಅವ."

"ಕಿತ್ತೆ, ಕಿತ್ತೆ," ಎಂದಳು ಭಾಮಾ. ಆ ಅರ್ಧ ಬಾಗಿಲಿನ ಬಣ್ಣ ಕೀಳಲು ಅವಳಿಗೆ ಮರುದಿನ ಸಂಜೆಯವರೆಗೂ ಹಿಡಿಯಿತು.